ಬಾಣಂತಿಯ ಮೇಲಂಗಿ

"ಅಲ್ಲಾ ಅಮ್ಮಾವ್ರೇ, ನನ್ನನ್ಯಾಕೆ ಕೇಳ್ತೀರಿ? ಮಗೂನ ಎತ್ಕೊಂಡು ನಿಂತಿದ್ದೋರು ನೀವೇ ಅಲ್ವಾ!"

ಗಂಟೆ ಹೊಡೆಯುವ ವಾಟ್ ಹಾಗಂದು ನಕ್ಕ. ಎಪ್ಪತ್ತು ದಾಟಿದ ಮುದುಕ, ಬಾಯಲ್ಲಿ ಉಳಿದಿದ್ದು ಮೂರೇ ಹಲ್ಲು. ಅಮೀಸಿಯ ನಗಲಿಲ್ಲ. ಕೆಲ್ಡರ್ಬಿ ಚರ್ಚಿನ ಒಳಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಪೂಜಾಪುಸ್ತಕ ಬಿಡಿಸಿಕೊಂಡು ಕೂತಿದ್ದವಳು ತಲೆ ಎತ್ತಿದಳು.

"ಎಲ್ಲಿ ನಿಂತಿದ್ದೆ ನಾನು?"

"ಇಲ್ಲೇ ಆಚೆ, ಸ್ನಾನದ ಕಲ್ತೊಟ್ಟಿ ಹತ್ರ. ನಾನು ಪಂಜು ಹಿಡಿದಿದ್ದೆ. ಪಾದ್ರಿಗಳು ಮಗೂಗೆ ಉಪ್ಪು ನೆಕ್ಕಿಸಿದ್ರು. ಕಿಟಾರ್ ಅಂತ ಕಿರುಚ್ತು ನೋಡಿ, ಈಗಲೂ ಕಿವೀಲಿದೆ. ಆಮೇಲೆ ನೀರಿಂದ ಎತ್ತಿ ನಿಮ್ಮ ಕೈಗೆ ಕೊಟ್ರು. ನಿಮ್ಮ ಆ ನೀಲಿ ಮೇಲಂಗಿ, ಅಂಚಿಗೆಲ್ಲ ಬಿಳೀ ಕೊಕ್ಕರೆ ಹೊಲಿದಿದ್ದು, ಅದನ್ನ ಮರೆಯೋಕಾಗುತ್ತಾ? ಊರಿಗೆಲ್ಲ ಅದೊಂದೇ ಇದ್ದಿದ್ದು."

ಮಂಗಳವಾರ ಪಾದ್ರಿ ವಿಸ್ಟನ್ ಹೇಳಿಕಳಿಸಿದ್ದರು: ನಿಮ್ಮ ಮಗಳ ಮದುವೆಗೆ ಒಂದು ಅಡ್ಡಿಯಿದೆ, ಅವಳ ದೀಕ್ಷಾಸ್ನಾನಕ್ಕೆ ಸೇರಿದ್ದು, ನಾಳೆ ಬಂದು ಕಾಣಿ. ಬುಧವಾರ ಅಮೀಸಿಯ ಬರುವಷ್ಟರಲ್ಲಿ ಅವರು ಗಂಟೆಗೋಪುರದ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದುಕೊಂಡು ಬಿದ್ದಿದ್ದರು.

ಮುದಿ ಪಾದ್ರಿ ಕಾಲುಜಾರಿ ಬಿದ್ದ ಅಂತ ಊರು ಮಾತಾಡಿ ಮುಗಿಸಿತು. ಅಮೀಸಿಯಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಮೂರು ವರ್ಷದಿಂದ ಪೂಜೆಯಲ್ಲಿ ಮಂಡಿಯೂರಲಿಕ್ಕೂ ಆಗದೆ ಒದ್ದಾಡುತ್ತಿದ್ದ ಮನುಷ್ಯ, ಐವತ್ತಾರು ಮೆಟ್ಟಿಲು ಯಾವ ಕರ್ಮಕ್ಕೆ ಹತ್ತಿದ? ಯಾರೋ ಕರೆದಿರಬೇಕು. ಬೇಡ ಅನ್ನಲಾಗದವರೇ ಕರೆದಿರಬೇಕು.

ಹುಟ್ಟಿದ ಮಕ್ಕಳ ಹೆಸರು, ನೀರಿಂದ ಎತ್ತಿದವರ ಹೆಸರು, ಎರಡನ್ನೂ ಪೂಜಾಪುಸ್ತಕದ ತಿಂಗಳ ಪಟ್ಟಿಯ ಅಂಚಿನಲ್ಲಿ ಬರೆದಿಡುವುದು ವಿಸ್ಟನ್ ಅವರ ಪದ್ಧತಿ. ಅಮೀಸಿಯ ಒಂದೊಂದೇ ಹಾಳೆ ತಿರುವಿ ನೋಡಿದ್ದಳು. ಫೆಬ್ರವರಿಯ ಹಾಳೆ ಇರಲಿಲ್ಲ. ಚಾಕುವಿನಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು. ಮಗಳು ಏವಿಸ್ ಹುಟ್ಟಿದ್ದು ಫೆಬ್ರವರಿಯಲ್ಲಿ, ಹದಿನೇಳು ವರ್ಷದ ಹಿಂದೆ, ಹೊಲವೆಲ್ಲ ಹಿಮದಲ್ಲಿ ಮುಚ್ಚಿಹೋಗಿದ್ದಾಗ.

"ವಾಟ್, ಸ್ವಲ್ಪ ಯೋಚನೆ ಮಾಡಿ ಹೇಳು. ಮಗು ಹುಟ್ಟಿದ ದಿನವೇ ದೀಕ್ಷಾಸ್ನಾನ ಆಯಿತಲ್ಲ?"

"ಹೌದು ಮತ್ತೆ. ಅದೇ ದಿನ ಆಗಬೇಕಲ್ಲ. ಮಗು ಉಳೀತದೋ ಇಲ್ವೋ ಅಂತ ಯಾರಿಗೆ ಗೊತ್ತು?"

"ಹೆತ್ತವಳು ಅದೇ ದಿನ ಎದ್ದು ಚರ್ಚಿಗೆ ಬರ್ತಾಳಾ? ನಲವತ್ತು ದಿನ ಕಳೆದು, ಪಾದ್ರಿಗಳು ಬಾಗಿಲಲ್ಲಿ ನಿಂತು ಹರಸಿ ಕರೆಯೋ ತನಕ ಅವಳು ಈ ಹೊಸ್ತಿಲು ತುಳೀತಾಳಾ?"

ವಾಟ್ ಹಣೆ ಚಚ್ಚಿಕೊಂಡ.

"ಥೂ, ನನ್ನ ಬುದ್ಧಿಗಿಷ್ಟು! ನೀವು ಹಸೀ ಬಾಣಂತಿ! ಹದಿನೇಳು ವರ್ಷದಿಂದ ನೀವೇ ಅಂದ್ಕೊಂಡಿದ್ದೀನಲ್ಲ ತಾಯೀ. ಮೇಲಂಗಿ ನೋಡಿ ಮೋಸ ಹೋದೆ."

"ಮುಖ ನೋಡಲಿಲ್ವಾ?"

"ಮುಸುಕು ಹಾಕಿದ್ರು. ಚಳಿ ಅಂದ್ರೆ ಚಳಿ ಅವತ್ತು." ಅವನು ಕಣ್ಣು ಮುಚ್ಚಿ ಹುಡುಕಾಡಿದ. "ಕೈ ಮಾತ್ರ ನೆನಪಿದೆ. ಮಗೂನ ಎಡಗೈಯಲ್ಲಿ ಅವುಚಿಕೊಂಡ್ರು. ಬಲಗೈಯ ಎರಡು ಬೆರಳು ಮಡಚಿದ್ದು ಮಡಚಿದ ಹಾಗೇ ಇದ್ವು, ಬಿಚ್ಚೋಕೇ ಬರ್ತಿರಲಿಲ್ಲ. ಪಾಪ, ಹೆರಿಗೆ ನೋವಿಗೆ ಹಿಂಗಾಗಿದೆ ಅಂದ್ಕೊಂಡೆ ನಾನು."

ಅಮೀಸಿಯ ಪುಸ್ತಕ ಮುಚ್ಚಿದಳು.

ಆ ಬೆರಳುಗಳನ್ನು ಅವಳು ಬಲ್ಲಳು. ಚಿಕ್ಕಂದಿನಲ್ಲಿ ಕುದುರೆಯಿಂದ ಬಿದ್ದು ಮುರಿದು, ವಕ್ರವಾಗಿ ಕೂಡಿಕೊಂಡಿದ್ದ ಬೆರಳು. ಊಟಕ್ಕೆ ಕೂತಾಗ ಇಡೊನಿ ಅವನ್ನು ಮೇಜಿನ ಕೆಳಗೆ ಅಡಗಿಸಿಕೊಳ್ಳುತ್ತಿದ್ದಳು. ಇಡೊನಿ ತೀರಿಕೊಂಡು ಐದು ವರ್ಷವಾಯಿತು. ಅವಳು ಸರ್ ಎವರಾರ್ಡ್‌ನ ಮೊದಲ ಹೆಂಡತಿ. ಈಗ ಎವರಾರ್ಡ್‌ನ ಹೆಂಡತಿ ಅಮೀಸಿಯ. ಇಡೊನಿಯ ಮಗ ಫುಲ್ಕ್‌ಗೇ ಏವಿಸ್‌ಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಈ ಮದುವೆಗೆ ಯಾರದಾದರೂ ಅಡ್ಡಿಯಿದೆಯೇ ಎಂದು ಎರಡು ಭಾನುವಾರ ಚರ್ಚಿನಲ್ಲಿ ಕೂಗಿ ಕೇಳಿಯೂ ಆಗಿತ್ತು. ಮೂರನೆಯ ಕೂಗು ನಾಳೆ.

ನೀರಿಂದ ಎತ್ತಿದವಳು ಧರ್ಮತಾಯಿ. ಅವಳು ಹೆತ್ತ ಮಕ್ಕಳು ಒಡಹುಟ್ಟಿದವರ ಲೆಕ್ಕ. ಫುಲ್ಕ್ ಏವಿಸ್‌ಗೆ ಅಣ್ಣ. ಅಣ್ಣ ತಂಗಿಗೆ ಮದುವೆ ಮಾಡಿಸುವ ಪಾದ್ರಿ ಇಂಗ್ಲೆಂಡಿನಲ್ಲಿಲ್ಲ.

ತನಗೆ ಬೇಡವಾಗಿದ್ದ ಈ ಮದುವೆ ಮುರಿಯಿತು, ಗೆದ್ದೆ ಅಂತ ಅವಳಿಗೆ ಕೂಗಬೇಕೆನಿಸಿತು. ಆದರೆ ಕೂಗಿದರೆ ಕೇಳುವವರು ಯಾರಿದ್ದರು? ಹಿಂದೆಯೇ ಇನ್ನೊಂದು ಮಾತು ಬಂದು ಎದೆಗೆ ಚುಚ್ಚಿತು. ಮಗಳನ್ನು ಎತ್ತಿಕೊಂಡಿದ್ದು ಮಠದ ಒಬ್ಬ ಮುದಿ ಸನ್ಯಾಸಿನಿ ಅಂತ ಅವಳಿಗೆ ಹೇಳಿದ್ದು ಅವಳ ಮೊದಲ ಗಂಡ, ಏವಿಸ್‌ನ ಅಪ್ಪ ತರ್ಸ್ಟನ್. ಜ್ವರದಲ್ಲಿ ಮಲಗಿದ್ದ ಅವಳ ಹಣೆ ಒರೆಸುತ್ತಾ ಹೇಳಿದ್ದ. ಎವರಾರ್ಡ್‌ನ ಮನೆತನ ಆಗಲೇ, ಕಿರೀಟಕ್ಕಾಗಿ ಕಾದಾಡುವ ಎರಡು ಪಕ್ಷಗಳಲ್ಲಿ, ಯಾರ್ಕ್‌ನವರ ಕಡೆ ವಾಲುತ್ತಿತ್ತು. ಅಮೀಸಿಯಳ ಅಪ್ಪನೋ ಲ್ಯಾಂಕಾಸ್ಟರ್ ಪಕ್ಷಕ್ಕೆ ಪ್ರಾಣ ಬಿಡುವವನು. ಆ ಮನೆಯ ಹೆಂಗಸು ತನ್ನ ಮೊಮ್ಮಗಳನ್ನು ಮುಟ್ಟಿದಳೆಂದು ಗೊತ್ತಾಗಿದ್ದರೆ ರಂಪ ಮಾಡುತ್ತಿದ್ದ. ತರ್ಸ್ಟನ್‌ಗೆ ಎವರಾರ್ಡ್ ಹಳೆಯ ಗೆಳೆಯ. ಗೆಳೆತನವನ್ನೂ ಬಿಡದೆ ಮಾವನನ್ನೂ ಕೆಣಕದೆ ಒಂದು ಸುಳ್ಳು ಹೇಳಿ ಮುಗಿಸಿಬಿಟ್ಟ.

ಮುಗಿಸಿದ್ದು ಮಾವನಿಗೆ ಸರಿ. ಹೆಂಡತಿಗೆ? ಹದಿನೈದು ವರ್ಷ ಒಂದೇ ದಿಂಬಿಗೆ ತಲೆಯಿಟ್ಟು ಮಲಗಿದವನು ಒಂದು ದಿನವೂ ಬಾಯಿ ಬಿಡಲಿಲ್ಲ. ಈಗ ಅವನು ಇಲ್ಲ. ಎರಡೂವರೆ ವರ್ಷದ ಹಿಂದೆ, ಗರಿಗಳ ಭಾನುವಾರ, ಹಿಮ ಬೀಳುತ್ತಿದ್ದ, ಲ್ಯಾಂಕಾಸ್ಟರ್ ಪಕ್ಷ ಸೋತ ಆ ದೊಡ್ಡ ಕಾಳಗದಲ್ಲಿ ಸತ್ತ ಅವನ ಹೆಣವೂ ಸಿಗಲಿಲ್ಲ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು!

"ಅಮ್ಮಾವ್ರೇ, ನಾನೇನಾದ್ರೂ ತಪ್ಪು ಹೇಳಿದ್ನಾ?" ವಾಟ್ ಕೇಳಿದ.

"ಇಲ್ಲಪ್ಪ. ನೀನೊಬ್ಬನೇ ನಿಜ ಹೇಳಿದ್ದು."

ಸರ್ ಎವರಾರ್ಡ್ ಗಿಡುಗಗಳ ಕೊಟ್ಟಿಗೆಯಲ್ಲಿದ್ದ. ಕೈಗೆ ತೊಗಲಿನ ಗವುಸು ಹಾಕಿಕೊಂಡು, ಹೊಸದಾಗಿ ಹಿಡಿದ ಹಕ್ಕಿಗೆ ಕೋಳಿಯ ಕಾಲು ತಿನ್ನಿಸುತ್ತಿದ್ದ. ಮಧ್ಯಾಹ್ನದ ಬಿಸಿಲು ಬಿದಿರು ತಟ್ಟಿಯಂಥ ಕಿಟಕಿಯಿಂದ ಗೀರುಗೀರಾಗಿ ಒಳಗೆ ಬಿದ್ದಿತ್ತು.

"ಹೆಂಡತಿ ತಾನಾಗಿ ಹುಡುಕ್ಕೊಂಡು ಬಂದಳು ಅಂದ್ರೆ ಏನೋ ಗ್ರಹಚಾರ ಕಾದಿದೆ ನನಗೆ," ಅಂದ, ತಿರುಗಿಯೂ ನೋಡದೆ.

"ನಾಳೆ ಮೂರನೇ ಕೂಗು ಬೇಡ ಅಂತ ಪಾದ್ರಿಗೆ ಹೇಳಿಕಳಿಸಿ."

"ಯಾಕಂತೆ?"

"ಏವಿಸ್‌ನ ನೀರಿಂದ ಎತ್ತಿದ್ದು ಇಡೊನಿ."

ಹಕ್ಕಿ ಮಾಂಸ ಹರಿಯುತ್ತಿತ್ತು. ಎವರಾರ್ಡ್ ಬೆಚ್ಚಿಬೀಳಲಿಲ್ಲ. ಅದು ತಿಂದು ಮುಗಿಸುವವರೆಗೆ ಕಾದು, ಅದರ ತಲೆಗೆ ಟೊಪ್ಪಿಗೆ ಹಾಕಿ, ಕೋಲಿನ ಮೇಲೆ ಕೂರಿಸಿ, ಆಮೇಲೆ ಗವುಸು ಬಿಚ್ಚಿದ.

"ಗೊತ್ತು," ಅಂದ.

"ಗೊತ್ತಾ!"

"ನಾನೂ ಅಲ್ಲೇ ಇದ್ದೆನಲ್ಲ. ನದಿ ದಾಟುವಾಗ ಇಡೊನಿ ಬಟ್ಟೆಯೆಲ್ಲ ಒದ್ದೆಯಾಗಿತ್ತು. ತರ್ಸ್ಟನ್ ನಿನ್ನ ಮೇಲಂಗಿ ತಂದು ಹೊದಿಸಿದ. ಆ ಸನ್ಯಾಸಿನಿ ಹಿಮದಲ್ಲಿ ಸಿಕ್ಕಿಕೊಂಡು ಬರಲೇ ಇಲ್ಲ. ಮಗು ನೀಲಿಗಟ್ಟುತ್ತಾ ಇತ್ತು. ಇನ್ಯಾರು ಎತ್ತಿಕೋಬೇಕಿತ್ತು?"

"ಅಷ್ಟು ಗೊತ್ತಿದ್ದೂ ಅಣ್ಣ ತಂಗಿಗೆ ಮದುವೆ ಕೂಗಿಸ್ತಾ ಇದ್ದೀರಾ? ಅದಕ್ಕೇ ಪಾದ್ರಿ ವಿಸ್ಟನ್ ಅವರನ್ನ ಕೊಂದು ಹಾಳೆ ಹರಿದ್ರಾ?"

"ನಾಲಿಗೆ ಬಿಗಿಹಿಡಿ." ಅವನ ದನಿ ಏರಲಿಲ್ಲ, ಅದೇ ಹೆದರಿಕೆ. "ಬುಧವಾರ ನಾನೂ ಫುಲ್ಕೂ ಯಾರ್ಕ್ ಪೇಟೆಯಲ್ಲಿದ್ದೆವು. ನಿನ್ನ ಕೈಯಿಂದಲೇ ಹಂದಿಮಾಂಸದ ಬುತ್ತಿ ಕಟ್ಟಿಸಿಕೊಂಡು ಹೋಗಿದ್ದೆವು. ಬಂದಿದ್ದು ಗುರುವಾರ. ಮರೆತೆಯಾ?"

ಮರೆತಿರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಅಪ್ಪ ಮಗ ಇಬ್ಬರೂ ಕುದುರೆ ಏರಿದ್ದನ್ನು ಅವಳೇ ಬಾಗಿಲಲ್ಲಿ ನಿಂತು ನೋಡಿದ್ದಳು. ಸಿಟ್ಟಿನ ಭರದಲ್ಲಿ ಆ ಲೆಕ್ಕವನ್ನೇ ಹಾಕಿರಲಿಲ್ಲ.

"ಇನ್ನು ಆ ಹಾಳೆ," ಅಂದ ಎವರಾರ್ಡ್. "ಅದನ್ನ ಕತ್ತರಿಸಿದ್ದು ನಾನೇ. ಆದರೆ ಈ ವಾರ ಅಲ್ಲ. ಕತ್ತರಿಸಿದ ಅಂಚು ನೋಡಿದ್ದೀಯಲ್ಲ?"

ನೋಡಿದ್ದಳು. ಹೊಸದಾಗಿ ಕತ್ತರಿಸಿದ ತೊಗಲಹಾಳೆ ಬೆಳ್ಳಗಿರಬೇಕು. ಅಂಚು ಮಾಸಿ ಕಂದಾಗಿತ್ತು, ಮೇಣದ ಜಿಡ್ಡು ಹತ್ತಿತ್ತು. ಅದು ಅವಳನ್ನು ಬೆಳಗಿನಿಂದ ಕಾಡುತ್ತಿತ್ತು.

"ಯಾವಾಗ ಕತ್ತರಿಸಿದ್ರಿ?"

"ನಮ್ಮ ಮದುವೆಯ ಹಿಂದಿನ ದಿನ. ವಿಸ್ಟನ್ ಎದುರಿಗೇ ಕೂತು ಅಳ್ತಿದ್ದ, ನಾನು ಕತ್ತರಿಸಿದೆ."

"ನಮ್ಮ ಮದುವೆಗೂ ಅದಕ್ಕೂ ಏನು ಸಂಬಂಧ?"

ಎವರಾರ್ಡ್ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಅಯ್ಯೋ ಪಾಪ ಅನ್ನುವ ಹಾಗಿತ್ತು ಆ ನೋಟ. ಅವಳಿಗೆ ಬೈಗುಳಕ್ಕಿಂತ ಅದೇ ಉರಿಯಿತು.

"ಓದು ಬರಹ ಬಲ್ಲವಳು ನೀನು, ಇನ್ನೂ ಹೊಳೀಲಿಲ್ವಾ? ಇಡೊನಿ ನಿನ್ನ ಮಗಳಿಗೆ ಧರ್ಮತಾಯಿ ಅಂದ್ರೆ, ಅವಳ ಗಂಡ ನಾನು ಏನಾದೆ?"

ಅವನು ಗವುಸನ್ನು ಗೂಟಕ್ಕೆ ನೇತುಹಾಕಿದ.

"ಧರ್ಮದ ಅಪ್ಪ ಆದೆ. ಮಗೂನ ಹೆತ್ತವಳು ನೀನು. ಚರ್ಚಿನ ಕಟ್ಟಳೆಯಲ್ಲಿ ಅದೂ ಒಂದು ನಂಟು, ನೀನೂ ನಾನೂ ಮದುವೆ ಆಗೋ ಹಾಗೇ ಇರಲಿಲ್ಲ. ರೋಮಿಗೆ ಬರೆದು ಅಪ್ಪಣೆ ತರಿಸಬೇಕಿತ್ತು, ವರ್ಷ ಹಿಡೀತಿತ್ತು. ಅಷ್ಟರಲ್ಲಿ ಹೊಸ ರಾಜರು ನಿನ್ನ ಹೊಲ ಮನೆ ಸಮೇತ ನಿನ್ನನ್ನ ಇನ್ಯಾರಿಗೋ ಕೊಟ್ಟುಬಿಡೋರು. ಹಾಗಾಗಿ ಹಾಳೆ ಕತ್ತರಿಸಿದೆ. ಚರ್ಚಿನ ಕಣ್ಣಲ್ಲಿ ನೀನು ನನ್ನ ಹೆಂಡತಿಯೇ ಅಲ್ಲ."

ಅಮೀಸಿಯ ಬಾಗಿಲಿನತ್ತ ತಿರುಗಿದಳು.

ಹೊರಗೆ ಅಂಗಳದಲ್ಲಿ ಒಂದೂವರೆ ವರ್ಷದ ಪಿಯರ್ಸ್ ಬಾತುಗಳನ್ನು ಓಡಿಸುತ್ತಿದ್ದ. ಅವಳಿಗೂ ಎವರಾರ್ಡ್‌ಗೂ ಹುಟ್ಟಿದ ಮಗು. ಬೇಡದ ಮದುವೆಯಲ್ಲಿ ಬೇಡದೆ ಬಂದು, ಬಂದ ದಿನದಿಂದ ಅವಳ ಜೀವವೇ ಆಗಿಬಿಟ್ಟವನು.

"ಹೋಗು, ಬಿಷಪ್ಪರ ಮುಂದೆ ಹೇಳು," ಅಂದ ಎವರಾರ್ಡ್. "ಫುಲ್ಕ್‌ನ ಮದುವೆ ಮುರೀತದೆ, ಸರಿ. ಹಿಂದೆಯೇ ನಮ್ಮದೂ ಮುರೀತದೆ. ಆಮೇಲೆ ಅವನು ಯಾರು? ಆ ಬಾತು ಓಡಿಸ್ತಾ ಇದ್ದಾನಲ್ಲ, ಅವನನ್ನ ಜನ ಏನಂತ ಕರೀತಾರೆ?"

"ಸಾಕು."

"ಹಾದರಕ್ಕೆ ಹುಟ್ಟಿದವನು ಅಂತಾರೆ. ಅಂಗೈಯಗಲ ಭೂಮಿ ಸಿಗೋದಿಲ್ಲ, ಹೆಸರೂ ಸಿಗೋದಿಲ್ಲ."

"ಸಾಕು ಅಂದೆ!"

ಹಕ್ಕಿ ಬೆದರಿ ರೆಕ್ಕೆ ಬಡಿಯಿತು. ಎವರಾರ್ಡ್ ಅದರ ಬೆನ್ನು ಸವರಿದ.

"ಒಂದು ಮಾತು ಹೇಳ್ತೀನಿ ಕೇಳು," ಅಂದ. "ವಿಸ್ಟನ್‌ನ ಕೊಂದವರು ಯಾರೋ ನನಗೂ ಗೊತ್ತಿಲ್ಲ. ಈ ಗುಟ್ಟು ಹೊರಬಿದ್ರೆ ಹಾಳಾಗೋರು ಯಾರ್ಯಾರು ಅಂತ ಲೆಕ್ಕ ಹಾಕಿದೆ. ನಾನು, ಫುಲ್ಕ್. ಇಬ್ಬರೂ ಊರಲ್ಲಿರಲಿಲ್ಲ. ಮೂರನೆಯವಳು ನೀನು. ಮೂರು ದಿನದಿಂದ ನಾನು ನಿನ್ನನ್ನೇ ಅನುಮಾನದಿಂದ ನೋಡ್ತಾ ಇದ್ದೆ. ಅದೂ ನಿನಗೆ ಗೊತ್ತಾಗಲಿಲ್ಲ ಅಲ್ವಾ?"

ಗೊತ್ತಾಗಿರಲಿಲ್ಲ. ಆ ಮನೆಯಲ್ಲಿ ಅವಳನ್ನು ಎಲ್ಲರೂ ಯಾವಾಗಲೂ ಹಾಗೆಯೇ ನೋಡುತ್ತಿದ್ದರು.

ಸಂಜೆ ಪಿಯರ್ಸ್‌ಗೆ ಬಾರ್ಲಿ ಗಂಜಿ ತಿನ್ನಿಸುತ್ತಾ ಕೂತಾಗ ಅವಳು ಒಬ್ಬೊಬ್ಬರನ್ನೇ ನೆನೆದಳು. ಯಾರನ್ನಾದರೂ ಕೇಳಬಹುದಿತ್ತೇ? ಅಪ್ಪ ಸತ್ತ. ಅಣ್ಣ ಸೋತ ಪಕ್ಷದವರ ಜೊತೆ ಸಮುದ್ರದಾಚೆ ಓಡಿಹೋಗಿ ಫ್ರಾನ್ಸಿನಲ್ಲೆಲ್ಲೋ ಇದ್ದಾನೆ. ತಂಗಿಯನ್ನು ಗೆದ್ದ ಪಕ್ಷಕ್ಕೆ ಮದುವೆ ಮಾಡಿಕೊಟ್ಟ ಮೇಲೆ ಅವಳಿಂದ ಒಂದು ಕಾಗದ ಬಂದಿಲ್ಲ. ತವರಿಂದ ಬಂದಿದ್ದ ಆಳುಕಾಳುಗಳನ್ನೆಲ್ಲ ಎವರಾರ್ಡ್ ಮೊದಲ ತಿಂಗಳಲ್ಲೇ ವಾಪಸು ಕಳಿಸಿದ್ದ. ಈ ಮನೆಯಲ್ಲಿ ಅವಳನ್ನು ಅಮೀಸಿಯ ಅಂತ ಹೆಸರು ಹಿಡಿದು ಕರೆಯುವ ಒಂದು ಬಾಯಿಯೂ ಇರಲಿಲ್ಲ. ಕೆಲವು ಸಲ ಅವಳೇ ತನ್ನ ಹೆಸರನ್ನು ಮೆಲ್ಲಗೆ ಹೇಳಿಕೊಂಡು ನೋಡುತ್ತಿದ್ದಳು.

ಮಗಳಿಗೆ ಈ ಪಾಡು ಬರಬಾರದು. ಅದೊಂದೇ ಅವಳಿಗೆ ಬೇಕಾಗಿದ್ದದ್ದು. ಗೆದ್ದವರ ಮನೆಯಲ್ಲಿ, ಗೆದ್ದವರ ಮೇಜಿಗೆ ಕೂತು, ತನ್ನ ಅಪ್ಪ ಸತ್ತ ದಿನವನ್ನು ಅವರು ಹಬ್ಬ ಮಾಡುವಾಗ ತುಟಿಪಿಟಿಕ್ಕೆನ್ನದೆ ಉಣ್ಣುವ ಬಾಳು ಏವಿಸ್‌ಗೆ ಬೇಡ.

ಅದರ ಬೆಲೆ ಈ ಮಗು. ಪಿಯರ್ಸ್ ಅವಳ ಬೆರಳು ಹಿಡಿದು ಗಂಜಿಯ ಬಟ್ಟಲಿಗೆ ಅದ್ದಿ ನಗುತ್ತಿದ್ದ. ಗಂಡು ಹುಡುಗ, ಹೇಗೋ ಬದುಕಿಕೊಳ್ಳುತ್ತಾನೆ, ಕತ್ತಿ ಹಿಡಿದಾದರೂ ಬದುಕುತ್ತಾನೆ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಮಗುವಿನ ನೆತ್ತಿಗೆ ಮುಖವಿಟ್ಟು ಅತ್ತಳು.

ಏವಿಸ್ ಬಾಗಿಲಿಗೆ ಬಂದಳು. "ಅಮ್ಮ, ನಾಳೆ ಹಸಿರು ಹಾಕ್ಕೊಳ್ಳಲಾ, ಕಂದು ಬಣ್ಣದ್ದಾ?"

"ಹಸಿರೇ ಇರಲಿ."

"ಯಾಕಮ್ಮ ಕಣ್ಣು ಕೆಂಪಗಿದೆ?"

"ಒಲೆ ಹೊಗೆ."

ಅವಳನ್ನು ಕೂರಿಸಿಕೊಂಡು, ನಿನಗೆ ಏನು ಬೇಕು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅಮೀಸಿಯಳನ್ನು ಎರಡು ಮದುವೆಗೂ ಯಾರೂ ಕೇಳಿರಲಿಲ್ಲ. ಹಾಗೆ ಕೇಳುವುದೊಂದಿದೆ ಅನ್ನುವುದೇ ಅವಳಿಗೆ ಹೊಳೆಯಲಿಲ್ಲ.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಸತ್ತ ಪಾದ್ರಿಯ ಜಾಗದಲ್ಲಿ ಯಾರು ನಿಲ್ಲುತ್ತಾರೆ ಅಂತ ನೋಡಲಿಕ್ಕೇ ಅರ್ಧ ಜನ ಬಂದಿದ್ದರು. ಪಕ್ಕದ ಊರಿನ ಪಾದ್ರಿ ಆಂಬ್ರೋಸ್ ಬಂದಿದ್ದ. ತೆಳ್ಳಗಿನ ಮನುಷ್ಯ, ಹೊಸಬ, ಈ ಊರಿನ ಯಾವ ಗುಟ್ಟೂ ಗೊತ್ತಿಲ್ಲದವನು.

ಮುಂದಿನ ಸಾಲಿನಲ್ಲಿ ಒಂದು ಕಡೆ ಎವರಾರ್ಡ್ ಮತ್ತು ಫುಲ್ಕ್. ಇನ್ನೊಂದು ಕಡೆ ಅಮೀಸಿಯ ಮತ್ತು ಏವಿಸ್. ಎವರಾರ್ಡ್ ಒಮ್ಮೆ ಇತ್ತ ತಿರುಗಿ ಹೆಂಡತಿಯ ಮುಖ ನೋಡಿದ, ಏನು ಓದಿಕೊಂಡನೋ, ಅವನ ದವಡೆ ಬಿಗಿಯಿತು.

ಪಾದ್ರಿ ಆಂಬ್ರೋಸ್ ಪೂಜೆಯ ನಡುವೆ ಜನರತ್ತ ತಿರುಗಿದ.

"ಸರ್ ಎವರಾರ್ಡ್ ಅವರ ಮಗ ಫುಲ್ಕ್, ತೀರಿಕೊಂಡ ಸರ್ ತರ್ಸ್ಟನ್ ಅವರ ಮಗಳು ಏವಿಸ್, ಇವರಿಬ್ಬರ ಮದುವೆಗೆ ಮೂರನೇ ಸಲ, ಕಡೇ ಸಲ ಕೂಗಿ ಕೇಳ್ತಾ ಇದ್ದೀನಿ. ರಕ್ತದ ನಂಟಾಗಲಿ, ಧರ್ಮದ ನಂಟಾಗಲಿ, ಬೇರೆ ಯಾವುದೇ ಅಡ್ಡಿಯಾಗಲಿ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಿ."

ಅಮೀಸಿಯ ಎದ್ದು ನಿಂತಳು.

ಹಿಂದಿನಿಂದ ಗುಸುಗುಸು ಎದ್ದಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಣಿಕಟ್ಟನ್ನು ಒಂದು ಕೈ ಗಟ್ಟಿಯಾಗಿ ಹಿಡಿಯಿತು. ಏವಿಸ್ ಕೂಡ ಎದ್ದು ನಿಂತಿದ್ದಳು. ತಾಯಿಯ ಭುಜಕ್ಕೆ ತಲೆಯಿಟ್ಟ ಹಾಗೆ ಕಾಣಿಸುವಂತೆ ವಾಲಿ, ಕಿವಿಯಲ್ಲಿ ಪಿಸುಗುಟ್ಟಿದಳು.

"ಕೂತ್ಕೋ ಅಮ್ಮ."

"ಬಿಡು ಮಗಳೇ. ನಿನಗೆ ಗೊತ್ತಿಲ್ಲ. ಇಡೊನಿ..."

"ಗೊತ್ತು. ಅವರು ನನ್ನ ಧರ್ಮತಾಯಿ. ಫುಲ್ಕ್ ನನಗೆ ಅಣ್ಣ ಆಗ್ತಾನೆ. ಪಿಯರ್ಸ್ ಯಾರಿಗೂ ಏನೂ ಅಲ್ಲದೋನಾಗ್ತಾನೆ. ಎಲ್ಲ ಗೊತ್ತು ನನಗೆ."

ಅಮೀಸಿಯ ಅವಳ ಮುಖ ನೋಡಿದಳು. ಏವಿಸ್ ನೋಡುತ್ತಿದ್ದದ್ದು ಫುಲ್ಕ್‌ನನ್ನು. ಆ ಹುಡುಗ ಆಚೆಯಿಂದ ಕಂಗಾಲಾಗಿ ಇವಳನ್ನೇ ನೋಡುತ್ತಿದ್ದ. ಆ ಎರಡು ಮುಖಗಳ ನಡುವೆ ಏನಿದೆ ಅಂತ ಊರಿಗೆಲ್ಲ ಗೊತ್ತಿತ್ತೋ ಏನೋ, ತಾಯಿಗೆ ಈಗ ಗೊತ್ತಾಯಿತು.

"ನೀನು ಈ ಮನೇಲಿ ಒಂಟಿ ಅಮ್ಮ," ಅಂದಳು ಏವಿಸ್. "ನಾನಲ್ಲ. ನನಗಿರೋದು ಅವನೊಬ್ಬನೇ. ಅವನನ್ನ ಕಿತ್ಕೋಬೇಡ."

"ಯಾರು ಹೇಳಿದ್ರು ನಿನಗೆ ಇದನ್ನೆಲ್ಲ?"

"ಪಾದ್ರಿ ವಿಸ್ಟನ್."

"ಯಾವಾಗ?"

ಏವಿಸ್ ಮಣಿಕಟ್ಟು ಬಿಡಲಿಲ್ಲ. ಮಗುವಾಗಿದ್ದಾಗ ತಪ್ಪು ಮಾಡಿ ಬಂದು ನಿಲ್ಲುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು.

"ಬುಧವಾರ. ನೀನು ಬರೋಕೆ ಮುಂಚೆ. ಕೆಳಗೆ ಯಾರಾದ್ರೂ ಕೇಳಿಸ್ಕೋತಾರೆ ಅಂತ ನಾನೇ ಮೇಲಕ್ಕೆ ಕರ್ಕೊಂಡು ಹೋದೆ. ಅಮ್ಮನಿಗೆ ಹೇಳಬೇಡಿ ಅಂತ ಕಾಲು ಹಿಡ್ಕೊಂಡೆ ಅಮ್ಮ. ಅವರು ಒಪ್ಪಲಿಲ್ಲ. ಇಳಿಯೋಕೆ ಹೊರಟರು, ನನ್ನ ಕೈ ಅವರ ಬೆನ್ನ ಮೇಲಿತ್ತು."

ಚರ್ಚಿನಲ್ಲಿ ಗುಸುಗುಸು ನಿಂತುಹೋಗಿತ್ತು. ಎವರಾರ್ಡ್, ಫುಲ್ಕ್, ಬಾಗಿಲ ಬಳಿ ಹಗ್ಗ ಹಿಡಿದು ನಿಂತ ವಾಟ್, ಎಲ್ಲರೂ ಅಮೀಸಿಯಳನ್ನೇ ನೋಡುತ್ತಿದ್ದರು. ಪಾದ್ರಿ ಆಂಬ್ರೋಸ್ ಎರಡು ಹೆಜ್ಜೆ ಮುಂದೆ ಬಂದ.

"ಎದ್ದು ನಿಂತಿದ್ದೀರಿ ತಾಯಿ," ಅಂದ. "ಹೇಳಿ, ಏನು ಅಡ್ಡಿ? ಇದನ್ನ ನಿಮಗೆ ತಿಳಿಸಿದ್ದು ಯಾರು?"